ಬಿಳಿಯಾನೆಯ ಜೋಗುಳ, ೧೫೬೪

ಅಯುಥಾಯ

ಪೆಗುವಿನ ಮಾವುತ ನಾಯ್ ಪನ್ ಅವರಿಗೆ,

ಯುದ್ಧದಲ್ಲಿ ಸೋತು ನಾವು ನಿಮ್ಮ ರಾಜನಿಗೆ ಒಪ್ಪಿಸಿದ ಬಿಳಿಯಾನೆ ಮಳೆಗಾಲದಿಂದ ಅರೆಹೊಟ್ಟೆಯಲ್ಲಿದೆ. ವರ್ತಕ ಕ್ಲಾ ಬಂದು ತಿಳಿಸಿದ. "ನಿನ್ನ ಬಿಟ್ರೆ ಯಾರ ಕೈಯಲ್ಲೂ ತಿನ್ನಲ್ವಂತೆ ಕಣಣ್ಣಾ, ಜಂಬ ಪಡು!" ಎಂದು ನಕ್ಕ. ಒಂದು ದಿನವೆಲ್ಲ ಜಂಬಪಟ್ಟೆ. ಮರುದಿನ ಅವನೇ, "ಪಕ್ಕೆಲುಬು ಎಣಿಸ್ಬಹುದು" ಎಂದ.

ಜೋಗುಳ ಹಾಡಿದರೆ ಮಾತ್ರ ಅದು ತಿನ್ನುತ್ತದೆ. ಒಪ್ಪಿಸುವಾಗ ಇದನ್ನು ಬೇಕೆಂದೇ ನಿಮಗೆ ಹೇಳಲಿಲ್ಲ. ಅದು ನಿಮಗೆ ಒಲಿಯುವುದು ನನಗೆ ಬೇಡವಾಗಿತ್ತು. ಈಗಲೂ ಬೇಡ.

ಹಾಡನ್ನು ಕ್ಲಾನಿಗೆ ಕಲಿಸಿದ್ದೇನೆ. ಕಂಠ ಒರಟು, ರಾಗ ತಪ್ಪುವುದಿಲ್ಲ. ಕಲಿತುಕೊಳ್ಳಿ. ಅದು ನಿಮ್ಮ ಕೈಯಿಂದ ಕಬ್ಬು ತಿಂದ ದಿನ ನನಗೆ ತಿಳಿಸಬೇಡಿ.

ಕ್ಲಾ ಹುಣ್ಣಿಮೆಯ ಮರುದಿನ ಪೆಗುವಿಗೆ ಹೊರಡುತ್ತಾನೆ.

ಇಂತು,
ಅದರ ಹಿಂದಿನ ಮಾವುತ ಇನ್