ಕಪಾಟು ಇಳಿಸಿದ ದಿನದ ಕತೆ

ಎಲ್ ಆಲ್ತೊ
ಆಗಸ್ಟ್ ೧೪, ಬುಧವಾರ

ಪ್ರೀತಿಯ ಲಿಂಬರ್ಟ್,

ನೀನು ಕ್ಷೇಮವಾಗಿರುತ್ತೀಯ ಎಂದು ನನಗೆ ಗೊತ್ತು. ಸಿಟ್ಟು ಬಂದರೂ ನಿನಗೆ ಹಸಿವಾಗುತ್ತದೆ, ದುಃಖವಾದರೂ ನಿದ್ದೆ ಬರುತ್ತದೆ. ನಾನೂ ಕ್ಷೇಮ. ಹತ್ತು ದಿನ ಒಂದು ಮಾತೂ ತಿಳಿಸದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಫೋನನ್ನು ಆರಿಸಿ ಅಮ್ಮನ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಫೋನಿನಲ್ಲಿ ನೀನು ನನ್ನನ್ನು ನಗಿಸಿಬಿಡುತ್ತೀಯ. ಕಾಗದದ ಮೇಲೆ ನಿನಗೆ ಆ ಅನುಕೂಲವಿಲ್ಲ. ಪಕ್ಕದ ಮನೆಯ ದೋನ್ಯಾ ಎವುಲಾಲಿಯಾ ಸ್ಮಶಾನದ ಗೇಟಿನ ಎದುರು ಹೂ ಮಾರಲು ದಿನವೂ ಕೆಳಗೆ ಇಳಿಯುತ್ತಾಳಲ್ಲ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದುವಾಗ ಅವಳು ಎದುರು ನಿಂತಿದ್ದರೆ ಗಟ್ಟಿಯಾಗಿ ಓದಬೇಡ.

ಇಲ್ಲಿ ಮೇಲೆ ಚಳಿ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಅಪ್ಪ ಹೋಗಿ ಹದಿನಾಲ್ಕು ತಿಂಗಳಾಯಿತು, ಅವನ ಕೋಟು ಇನ್ನೂ ಮೊಳೆಯಲ್ಲೇ ಇದೆ. ಹೊಲಿಗೆಯ ಕೆಲಸ ತಂದುಕೊಂಡಿದ್ದೇನೆ, ಹನ್ನೆರಡು ನೃತ್ಯದ ಅಂಗಿಗಳಿಗೆ ಮಿಂಚು ಕೂರಿಸಬೇಕು. ಕಿಟಕಿಯ ಹತ್ತಿರ ಕೂತರೆ ಬಿಸಿಲು, ಒಂದು ಅಡಿ ಒಳಗೆ ಸರಿದರೆ ಮಂಜುಗಡ್ಡೆ. ಅಮ್ಮ ಮೂರು ದಿನ ಏನೂ ಕೇಳಲಿಲ್ಲ. ನಾಲ್ಕನೆಯ ದಿನ ಆಲೂಗಡ್ಡೆ ಸುಲಿಯುತ್ತಾ, ಹೊಡೆದನೇ ಎಂದು ಕೇಳಿದಳು. ಇಲ್ಲ ಎಂದೆ. ಕುಡಿಯುತ್ತಾನೆಯೇ. ಇಲ್ಲ. ಬೇರೆ ಯಾವಳಾದರೂ? ಇಲ್ಲ.

"ಮತ್ತೇನ್ ಮಾಡ್ದ ಅವ್ನು?"

"ಕತೆ ಹೇಳ್ದ."

ಅವಳು ಚಾಕು ಕೆಳಗಿಟ್ಟಳು. "ಕತೆ ಹೇಳೋ ಗಂಡನ್ನ ಬಿಟ್ಟು ಬಂದೋಳು ನಮ್ಮ ವಂಶದಲ್ಲೇ ನೀನೇ ಮೊದಲು ಕಣೆ," ಎಂದು ಮತ್ತೆ ಸುಲಿಯತೊಡಗಿದಳು.

ಇದನ್ನೂ ನೀನು ಎಲ್ಲಾದರೂ ಹೇಳುತ್ತೀಯ ಎಂದು ಬರೆಯುವಾಗಲೇ ಅನ್ನಿಸಿತು. ಹೇಳಬೇಡ.

ನಿನ್ನೆ ನಿಮ್ಮ ಆಮಂತ್ರಣ ಪತ್ರಿಕೆ ಬಂತು. ನಿನ್ನದೇ ಮುದ್ರಣಾಲಯದ ಕೆಲಸ, ಬಂಗಾರದ ಅಕ್ಷರ, ಮೂಲೆಯಲ್ಲಿ ಕತ್ತರಿಯ ಚಿತ್ರ. ಭಾನುವಾರ ಹನ್ನೆರಡು ಗಂಟೆಗೆ ನಿನ್ನ ತಂಗಿ ಗ್ಲೋವಿಯಾಳ ಮಗುವಿನ ಮೊದಲ ಕೂದಲು ಕತ್ತರಿಸುವುದು, ಧರ್ಮತಾಯಿ ಸಬಿನಾ, ಅಂದರೆ ನಾನು. ಒಂದು ಗಂಟೆಗೆ ಊಟ. ಅದರ ಕೆಳಗೆ, ಊಟದಷ್ಟೇ ದೊಡ್ಡ ಅಕ್ಷರದಲ್ಲಿ: ನಂತರ ಲಿಂಬರ್ಟ್‌ನಿಂದ ಕಪಾಟಿನ ಕತೆ.

ನೀನು ಅಚ್ಚು ಹಾಕಿಸಿದೆ, ಲಿಂಬರ್ಟ್. ಹೆಂಡತಿ ಆ ಕತೆಯ ಮಧ್ಯದಲ್ಲಿ ಎದ್ದು ಮನೆ ಬಿಟ್ಟು ಹೋಗಿದ್ದಾಳೆ, ನೀನು ಅದನ್ನು ನೂರೈವತ್ತು ಪ್ರತಿ ಅಚ್ಚು ಹಾಕಿಸಿದೆ.

ಮದುವೆಯಾಗಿ ಐದು ವರ್ಷದಲ್ಲಿ ನಮ್ಮ ಮೇಲೆ ಏನೇನು ಬಂದಿತೋ ಅದೆಲ್ಲ ನಿನ್ನ ಬಾಯಲ್ಲಿ ಕತೆಯಾಗಿದೆ. ಮೊದಮೊದಲು ನನಗೂ ಅದು ಹೆಮ್ಮೆಯಾಗಿತ್ತು. ಬೇರೆಯವರ ಬದುಕಿನಲ್ಲಿ ಏನೂ ನಡೆಯುವುದಿಲ್ಲ, ನಮ್ಮದರಲ್ಲಿ ದಿನಕ್ಕೊಂದು ನಡೆಯುತ್ತದೆ ಎಂದುಕೊಳ್ಳುತ್ತಿದ್ದೆ. ಆಮೇಲೆ ನಿಧಾನವಾಗಿ ಗಮನಿಸಿದೆ: ಎಲ್ಲರಿಗೂ ಇದೇ ನಡೆಯುತ್ತದೆ, ಅವರು ಹೇಳುವುದಿಲ್ಲ ಅಷ್ಟೆ. ಇನ್ನೂ ಸ್ವಲ್ಪ ದಿನ ಬಿಟ್ಟು ಗಮನಿಸಿದೆ: ನಿನ್ನ ಕತೆಗಳಲ್ಲಿ ಪೆದ್ದಿ ಯಾವಾಗಲೂ ಒಬ್ಬಳೇ.

ಬೇಕಾದ್ದನ್ನು ಗೊಂಬೆಯಾಗಿ ಕೊಂಡು ಬೇಡಿಕೊಳ್ಳುವ ಆಲಸೀತಾಸ್ ಹಬ್ಬದ ಸಿಮೆಂಟಿನ ವಿಷಯ ತೆಗೆದುಕೊ. ಆ ವರ್ಷ ನಮಗೆ ಸ್ವಂತ ಮನೆ ಆಗಬೇಕೆಂದು ಪುಟ್ಟ ಗೊಂಬೆಮನೆ ಕೊಂಡು ಹನ್ನೆರಡು ಗಂಟೆಗೆ ಸರಿಯಾಗಿ ಧೂಪ ಹಿಡಿಸುವುದೆಂದು ಮಾತಾಗಿತ್ತು. ಜನಜಂಗುಳಿಯಲ್ಲಿ ಬೇರೆಬೇರೆಯಾದೆವು. ಗಂಟೆ ಹೊಡೆಯುವಾಗ ಸಿಕ್ಕೆವು. ನಾನು ಚೀಲದಿಂದ ಬೆರಳುದ್ದದ ಆರು ಸಿಮೆಂಟು ಮೂಟೆ ತೆಗೆದೆ. ನೀನೂ ಜೇಬಿನಿಂದ ಐದು ಸಿಮೆಂಟು ಮೂಟೆ ತೆಗೆದೆ. ಮನೆ ತರುವುದು ಇನ್ನೊಬ್ಬರ ಕೆಲಸ ಎಂದು ಇಬ್ಬರೂ ಅಂದುಕೊಂಡಿದ್ದೆವು. ಧೂಪ ಹಾಕುವ ಮುದುಕ ಹನ್ನೊಂದು ಮೂಟೆ ನೋಡಿ, "ಗೋಡೋನ್ ಕಟ್ತೀರೇನಪ್ಪಾ" ಎಂದ. ಈಗ ನಿನ್ನ ಕತೆಯಲ್ಲಿ ಹನ್ನೊಂದೂ ನನ್ನ ಚೀಲದ್ದು. ನಿನ್ನ ಕೈಯಲ್ಲಿ ಅಂದವಾದ ಮನೆ, ಹೆಂಚಿನ ಛಾವಣಿ, ಬಾಲ್ಕನಿ.

ರಸ್ತೆ ತಡೆಯ ದಿನ ನಿನ್ನ ತಮ್ಮನ ಮದುವೆಗೆ ಮೂರು ಅಂತಸ್ತಿನ ಕೇಕು ಹೊತ್ತು ನಡೆದದ್ದೂ ಹಾಗೆಯೇ. ಪ್ರತಿ ತಡೆಯಲ್ಲೂ ಕಲ್ಲಿನ ಮೇಲೆ ಕೂತ ಹೆಂಗಸರು ಬಿಡುವುದಿಲ್ಲ ಎಂದರು. ಒಂದೊಂದು ತುಂಡು ಕೊಟ್ಟರೆ ಬಿಡುತ್ತೀರಾ ಎಂದು ಕೇಳಿದ್ದು ನೀನು. ಚಾಕು ನಿನ್ನ ಹತ್ತಿರ ಇತ್ತು. ಛತ್ರ ಮುಟ್ಟುವಾಗ ಒಂದೇ ಅಂತಸ್ತು ಉಳಿದಿತ್ತು, ಅದರ ಮೇಲೆ ಸಕ್ಕರೆಯ ವಧೂವರರು ಮೊಣಕಾಲುದ್ದ ಕೆನೆಯಲ್ಲಿ ಮುಳುಗಿ ನಿಂತಿದ್ದರು. ನಿನ್ನ ಕತೆಯಲ್ಲಿ ನಾನು ದಾರಿಯಲ್ಲಿ ಹಸಿವು ತಡೆಯಲಾರದೆ ತಿನ್ನುತ್ತಾ ಬರುತ್ತೇನೆ. ನಿಮ್ಮ ತಾಯಿ ಈಗಲೂ ನನಗೆ ಬಡಿಸುವಾಗ ಎರಡು ಸಲ ಕೇಳುತ್ತಾರೆ.

ನಾನು ತಕರಾರು ಮಾಡಿದಾಗಲೆಲ್ಲ ನೀನು ಹೇಳುವುದು ಒಂದೇ: "ಲೇ, ನಕ್ಕರಲ್ಲ ಜನ, ಅಷ್ಟು ಸಾಕಲ್ವಾ?" ಸಾಕಾಗುವುದಿಲ್ಲ. ನಕ್ಕವರು ಮನೆಗೆ ಹೋಗುತ್ತಾರೆ. ಆ ಪೆದ್ದಿಯ ಜೊತೆ ಇರಬೇಕಾದವಳು ನಾನು. ಅಂಗಡಿಗೆ ಹೋದರೆ, ಕೇಕಿನವಳಲ್ಲವೇ ನೀನು ಎಂದು ಕೇಳುತ್ತಾರೆ. ನಾನು ಹೌದು ಎನ್ನುತ್ತೇನೆ. ಹೌದೆಂದು ಹೇಳಿ ಹೇಳಿ ಈಗ ನನಗೇ ನೆನಪಿನಲ್ಲಿ ಕೆನೆಯ ರುಚಿ ಬರುತ್ತದೆ. ತಿನ್ನದ ಕೇಕಿನ ರುಚಿ ನಾಲಿಗೆಗೆ ಬರುವಂತೆ ಮಾಡುವವನ ಮೇಲೆ ಸಿಟ್ಟು ಮಾಡಿಕೊಳ್ಳದೆ ಏನು ಮಾಡಲಿ?

ಇನ್ನು ಕಪಾಟು. ಅದು ನಿನ್ನ ಅತಿ ದೊಡ್ಡ ಕತೆ, ಆದ್ದರಿಂದ ನಡೆದದ್ದನ್ನು ಒಮ್ಮೆಯಾದರೂ ಎಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ.

ಕಳೆದ ವರ್ಷ ಮಾರ್ಚಿ, ಗುರುವಾರದ ಸಂತೆ. ಎರಡು ಬಾಗಿಲಿನ, ಕನ್ನಡಿ ಒಡೆದ, ಅಗ್ಗದ ಕಪಾಟು. ಕೆಳಗೆ ಮುನಾಯ್ಪಾತಾದ ನಮ್ಮ ಕೋಣೆಗೆ ಅದನ್ನು ಮುಟ್ಟಿಸಬೇಕು. ಅಂದು ಲಾರಿಯವರ ಮುಷ್ಕರ. ನೀನು ಒಂದು ತುದಿ ಹಿಡಿದೆ, ಅಪ್ಪ ಇನ್ನೊಂದು ತುದಿ ಹಿಡಿದ, ನಾನು ತೆರೆದುಕೊಳ್ಳುವ ಬಾಗಿಲನ್ನು ಒತ್ತಿಕೊಂಡು ನಡುವೆ ನಡೆದೆ. ಕೇಬಲ್ ಕಾರಿನ ನಿಲ್ದಾಣದಲ್ಲಿ ಕಾವಲಿನ ಹುಡುಗಿ, ಇಷ್ಟು ದೊಡ್ಡ ಸಾಮಾನು ಬಿಡುವುದಿಲ್ಲ ಎಂದಳು. ಅಪ್ಪ ನಾಲ್ಕು ಟಿಕೇಟು ತೋರಿಸಿ, "ಇದು ಸಾಮಾನಲ್ಲಮ್ಮ, ನಮ್ಮ ಬೀಗರ ಕಡೆಯವರು, ನಿಂತುಕೊಂಡೇ ಬರ್ತಾರೆ," ಎಂದ. ಅವಳಿಗೆ ನಗು ಬಂತು, ಅಲ್ಲಿಗೆ ನಾವು ಗೆದ್ದೆವು. ಕಪಾಟು ಹತ್ತಿಸಲು ಕಾರುಗಳನ್ನು ನಿಲ್ಲಿಸಬೇಕಾಯಿತು. ಎರಡು ನಿಮಿಷ ಕೆಂಪು ಸಾಲಿನ ಕಾರುಗಳೆಲ್ಲ ಗಾಳಿಯಲ್ಲಿ ತೂಗಾಡಿದವು. ಒಳಗೆ ಟೋಪಿಯ ಹೆಂಗಸರು ಇಬ್ಬರು ಮೊದಲೇ ಕೂತಿದ್ದರು, ನನಗೆ ಕಾಲಿಡಲು ಜಾಗವಿರಲಿಲ್ಲ. ನಾನು ಕಪಾಟಿನೊಳಗೆ ಹೋಗಿ ನಿಂತು ಬಾಗಿಲು ಎಳೆದುಕೊಂಡೆ.

ಒಳಗೆ ಕತ್ತಲು, ಹಳೆಯ ನುಸಿಗುಳಿಗೆಯ ವಾಸನೆ. ಕೆಳಗೆ ಇಡೀ ಊರು ಇದೆ, ನಾನು ಮಾತ್ರ ಯಾರದೋ ಅಂಗಿಗಳ ಜಾಗದಲ್ಲಿ ನಿಂತಿದ್ದೇನೆ. ಗಾಬರಿಯಾಗಿ ಒಳಗಿಂದ ಕೇಳಿದೆ, "ಎಲ್ಲಿಗೆ ಬಂತು?"

ಅಪ್ಪ ಹೊರಗಿನಿಂದ ಬಾಗಿಲು ತಟ್ಟಿ ಹೇಳಿದ: "ಸ್ಮಶಾನ ಬಂತು ಮಗಳೇ. ಅರ್ಜೆಂಟೇನಿಲ್ಲ, ನಿಧಾನಕ್ಕೆ ಇಳಿ."

ಆ ನಿಲ್ದಾಣದ ಹೆಸರೇ ಅದಲ್ಲವೇ. ಟೋಪಿಯ ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಆಮೇಲೆ ನಮ್ಮ ಓಣಿಯ ನೂರಾ ನಲವತ್ತು ಮೆಟ್ಟಿಲು. ಅದು ನಿನ್ನ ಕತೆಯಲ್ಲಿ ಬರುವುದಿಲ್ಲ. ಮೆಟ್ಟಿಲು ಹತ್ತುವುದರಲ್ಲಿ ನಗುವಂಥದ್ದು ಏನೂ ಇಲ್ಲ.

ನೀನು ಇಪ್ಪತ್ತು ನಿಮಿಷ ಎನ್ನುತ್ತೀಯ, ಎರಡು ನಿಮಿಷ. ಹಳದಿ ಸಾಲು ಎನ್ನುತ್ತೀಯ, ಕೆಂಪು. ನಾನು ಒಳಗೆ ಅತ್ತೆ ಎನ್ನುತ್ತೀಯ, ಅಳಲಿಲ್ಲ. ನನ್ನನ್ನು ಹೊರಗೆ ತೆಗೆಯಲು ಬೆಂಕಿ ಆರಿಸುವವರು ಬಂದರು ಎನ್ನುತ್ತೀಯ, ಬಾಗಿಲನ್ನು ನಾನೇ ತೆಗೆದೆ. ಇನ್ನೊಂದು ತಪ್ಪಿದೆ, ಅದು ಹೊಸದು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೋದ ಭಾನುವಾರದ ಹಿಂದಿನ ಭಾನುವಾರ ನಿಮ್ಮ ತಾಯಿಯ ಹುಟ್ಟುಹಬ್ಬದ ಊಟ. ಅಂಗಳದಲ್ಲಿ ಇಪ್ಪತ್ತು ಜನ, ಹಂದಿ ಹುರಿದದ್ದು ಇನ್ನೂ ಬಿಸಿಯಾಗಿತ್ತು. ನಿನ್ನ ಚಿಕ್ಕಪ್ಪ ರೆಂಬೆರ್ತೊ ಕುರ್ಚಿ ಎಳೆದುಕೊಂಡು ನಿನ್ನ ಪಕ್ಕ ಕೂತ. ನೀನು ಶುರು ಮಾಡಿದೆ. ನಾನು ಎಲ್ಲಿ ನಗಬೇಕೋ ಅಲ್ಲಿ ನಕ್ಕೆ. ಇಷ್ಟು ದಿನದಲ್ಲಿ ನಾನೂ ಪಳಗಿದ್ದೇನೆ, ಕಪಾಟಿನ ಬಾಗಿಲು ಮುಚ್ಚುವ ಸದ್ದಿಗೆ ನೀನು ಮೇಜು ಬಡಿಯುತ್ತೀಯ, ಆಗ ನಾನು ಕೈಯಿಂದ ಮುಖ ಮುಚ್ಚಿ, ಎಲ್ಲಿಗೆ ಬಂತು ಎಂದು ಕೇಳಬೇಕು. ನೀನು ಮೇಜು ಬಡಿದೆ. ಕಾದೆ. ನಾನು ಕೇಳಲಿಲ್ಲ. ನೀನು ಇನ್ನೊಮ್ಮೆ ಬಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಅಯ್ಯೋ, ನಾಯಕಿ ಮಾತು ಮರೆತ್ಲು," ಎಂದು ಗ್ಲೋವಿಯಾ ಕೀಟಲೆ ಮಾಡಿದಳು, ನನ್ನ ಮಾತನ್ನು ತಾನೇ ಹೇಳಿದಳು. ಅದಕ್ಕೆ ಉತ್ತರ ಬಂತು, ಅಂಗಳವೆಲ್ಲ ನಕ್ಕಿತು. ನಾನು ಶಾಲು ತೆಗೆದುಕೊಂಡು ಹೊರಟೆ. ಗೇಟಿನವರೆಗೆ ನೀನು ಓಡಿಬಂದೆ, ಅದು ನಿಜ. ಕೈ ಹಿಡಿದು, "ಬೆಂಕಿ ಆರ್ಸೋರ ವಿಷ್ಯಕ್ಕಾ? ಬಿಡು, ಇನ್ಮೇಲೆ ಹೇಳಲ್ಲ," ಎಂದೆ. ಬೆಂಕಿ ಆರಿಸುವವರ ವಿಷಯಕ್ಕೆ ಯಾವ ಹೆಂಗಸಾದರೂ ಗಂಡನನ್ನು ಬಿಟ್ಟು ಹೋಗುತ್ತಾಳೆಯೇ? ನಿನಗೆ ಅಷ್ಟೇ ಹೊಳೆದದ್ದು ನನ್ನ ಸಿಟ್ಟನ್ನು ದುಪ್ಪಟ್ಟು ಮಾಡಿತು.

ಈಗ ಕೇಳು. ಮಗುವಿನ ಕೂದಲಿಗೆ ಮೊದಲ ಕತ್ತರಿ ಧರ್ಮತಾಯಿಯದು. ನಾನು ಬರದಿದ್ದರೆ ಅದರ ತಲೆಗೆ ಯಾರೂ ಕೈ ಹಾಕುವಂತಿಲ್ಲ, ಎರಡು ವರ್ಷ ಬೆಳೆಸಿದ ಜಡೆ ಹಾಗೆಯೇ ಉಳಿಯುತ್ತದೆ. ಮಗು ಏನು ತಪ್ಪು ಮಾಡಿದೆ? ನಾನು ಬರುತ್ತೇನೆ. ಹನ್ನೆರಡಕ್ಕೆ ಕತ್ತರಿ ಹಿಡಿಯುತ್ತೇನೆ, ಒಂದಕ್ಕೆ ಊಟ ಮಾಡುತ್ತೇನೆ. ಆಮೇಲೆ ನೀನು ಎದ್ದು ನಿಂತರೆ ನಾನು ಎಲ್ ಆಲ್ತೊಗೆ ಹೊರಡುತ್ತೇನೆ, ಈ ಸಲ ಹೊಲಿಗೆಯ ಮಷೀನನ್ನೂ ತೆಗೆದುಕೊಂಡು. ನೀನು ಕೂತೇ ಇದ್ದರೆ ಸಂಜೆ ನಿನ್ನ ಜೊತೆ ಮನೆಗೆ ಬರುತ್ತೇನೆ. ಪತ್ರಿಕೆ ಹೋದ ನೂರೈವತ್ತು ಜನರಿಗೆ ಏನು ಹೇಳುತ್ತೀಯೋ ಅದು ನಿನ್ನ ಪಾಡು. ಗಂಟಲು ಕಟ್ಟಿದೆ ಎನ್ನು.

ನಿಮ್ಮ ತಾಯಿಗೆ ನನ್ನ ನಮಸ್ಕಾರ, ಊಟದ ಮಧ್ಯೆ ಎದ್ದದ್ದಕ್ಕೆ ಅವರ ಕ್ಷಮೆ ಕೇಳಿದೆನೆಂದು ಹೇಳು. ಗ್ಲೋವಿಯಾಗೆ ಹೇಳಬೇಡ. ಮಗುವಿನ ನೆತ್ತಿಗೆ ನನ್ನ ಮುತ್ತು. ಅದರ ಕೂದಲು ಮತ್ತೆ ದಟ್ಟವಾಗಿ ಬರಲಿ, ಅದರ ಬದುಕು ಅದರದ್ದೇ ಆಗಿರಲಿ. ರಾತ್ರಿ ಹೀಟರು ಆರಿಸಿ ಮಲಗು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಾನು ಸಿಟ್ಟಿನಲ್ಲಿರುವಾಗಲೂ.

ನಿನ್ನ
ಸಬಿನಾ

ವಿ.ಸೂ: ಕಾಗದ ಮಡಚಿ ಆಗಿತ್ತು, ಮತ್ತೆ ಬಿಚ್ಚಿದೆ. ಹುಟ್ಟುಹಬ್ಬದ ದಿನ ಅಪ್ಪನ ಉತ್ತರವನ್ನು ಹೇಳಿದ್ದು ರೆಂಬೆರ್ತೊ. ಸ್ಮಶಾನ ಬಂತು ಮಗಳೇ, ಎಂದ. ಆ ಸಲ ಕತೆಯ ಶುರುವಿನಿಂದಲೇ ನೀನು ಅಪ್ಪನ ಬದಲು ಅವನನ್ನು ಕಪಾಟಿನ ಇನ್ನೊಂದು ತುದಿಗೆ ನಿಲ್ಲಿಸಿದ್ದೆ. ಯಾಕೆಂದು ನನಗೆ ಗೊತ್ತು. ಅಪ್ಪನ ಹೆಸರು ಬಂದರೆ ಈಗ ಎಲ್ಲರೂ ತಟ್ಟೆ ನೋಡಿಕೊಳ್ಳುತ್ತಾರೆ, ಕತೆ ಅಲ್ಲೇ ಕುಸಿಯುತ್ತದೆ. ನೀನು ಕೆಟ್ಟವನಲ್ಲ. ಕಪಾಟು ಕೊಂಡ ದಿನವೂ ನೀನು ಇಬ್ಬರು ಕೂಲಿಯವರನ್ನು ಕರೆಯೋಣ ಎಂದಿದ್ದೆ. ಬೇಡ, ಅಪ್ಪನನ್ನು ಕರೆಯುತ್ತೇನೆ, ಕರೆಯದಿದ್ದರೆ ನೊಂದುಕೊಳ್ಳುತ್ತಾನೆ ಎಂದವಳು ನಾನು. ಗಣಿಯ ದೂಳು ಕೂತ ಎದೆ, ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಹನ್ನೊಂದು ವಾರದ ಮೇಲೆ ಅವನು ಹೋದ. ರೆಂಬೆರ್ತೊ ಬಾಯಿ ತೆರೆದಾಗ, ಅಪ್ಪ ಆ ಮೆಟ್ಟಿಲುಗಳ ಮೇಲೆ ಇರಲೇ ಇಲ್ಲ ಎಂದಾಯಿತು. ನಾನು ಅವನನ್ನು ಕರೆದೇ ಇರಲಿಲ್ಲ ಎಂದಾಯಿತು. ಒಂದು ಕ್ಷಣ ನನಗೆ ತುಂಬ ಹಗುರವಾಯಿತು, ಆ ಹಗುರಕ್ಕೆ ಹೆದರಿಯೇ ನಾನು ಎದ್ದು ಹೊರಟೆ.