ಬರಿದೇ ಬೆರಳಾಡಿಸಲು ನಾನು ಬರುವುದಿಲ್ಲ

ಮಂಗಳವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ರಾಜಾಪಾರ್ಟಿನವರಿಗೆ,

ಕಿರೀಟ ತೆಗೆದಿಟ್ಟು ಓದಿ. ಅದು ತಲೆಯ ಮೇಲಿದ್ದಾಗ ನೀವು ಯಾರ ಮಾತನ್ನೂ ಕಿವಿಗೆ ಹಾಕಿಕೊಂಡವರಲ್ಲ. ಮೂವತ್ತೆರಡು ವರ್ಷ ಒಂದೇ ಸೂರಿನಡಿ ನಿಮ್ಮ ಹೆಂಡತಿಯಾಗಿ ಇದ್ದವಳಿಗೆ ಅಷ್ಟಾದರೂ ಗೊತ್ತಿರುತ್ತದೆ. ಸೂರು ಬೇರೆಯಾಗಿ ಆರು ವರ್ಷವಾದ ಮೇಲೆ ಲಕೋಟೆಯ ಮೇಲೆ ನಿಮ್ಮ ಕೈಬರಹ ಕಂಡಾಗ ಯಾರೋ ಹೋದರೆಂದೇ ಅಂದುಕೊಂಡೆ. ಒಡೆದು ನೋಡಿದರೆ, ಹೋದವಳು ನಾನೇ.

ನಿಮ್ಮ ಪತ್ರ ನನಗೆ ಅರ್ಥವಾದದ್ದು ಹೀಗೆ, ತಪ್ಪಿದ್ದರೆ ತಿದ್ದಿ. ಕಂಪನಿಗೆ ಐವತ್ತು ತುಂಬುತ್ತಿದೆ. ರಾಜ್ಯ ಬಿಟ್ಟು ಹೋಗುವ ರಾಜನ ಆ ಹಳೆಯ ನಾಟಕವನ್ನೇ ಮತ್ತೆ ಕಟ್ಟುತ್ತಿದ್ದೀರಿ. ಮುಂದಿನ ತಿಂಗಳ ಮೊದಲ ಶನಿವಾರ ಪ್ರಯೋಗ. ಗೋದಾಮಿನ ಮೂಲೆಯಲ್ಲಿದ್ದ, ಕಾಲಲ್ಲಿ ತುಳಿದು ನುಡಿಸುವ ನನ್ನ ಹಾರ್ಮೋನಿಯಂ, ಆ ಕಾಲ್ಪೆಟ್ಟಿಗೆಯನ್ನು ಒರೆಸಿ, ಪಾಲಿಶ್ ಹೊಡೆಸಿ, ರಂಗದ ಬಲಗಡೆ ಎಲ್ಲರಿಗೂ ಕಾಣುವಂತೆ ಇಡಿಸುತ್ತೀರಿ. ಅದರ ಹಿಂದೆ ಹಸಿರು ರೇಷ್ಮೆಯಲ್ಲಿ ನಾನು. ಕೈ ಇರುವುದು ಪೆಟ್ಟಿಗೆಯ ಮೇಲೆ, ಸದ್ದು ಬರುವುದು ಸ್ಪೀಕರಿನಿಂದ. ಲಕೋಟೆಯಲ್ಲಿಟ್ಟು ಕಳಿಸಿದ ಪೆನ್‌ಡ್ರೈವಿನ ಹಳೆಯ ಧ್ವನಿಮುದ್ರಣ ಓಡುತ್ತಿರುತ್ತದೆ, ನಾನು ಪಟ್ಟಿಗಳ ಮೇಲೆ ಕೈ ಓಡಿಸುತ್ತಿರಬೇಕು. ನಿಮ್ಮ ಮಾತನ್ನೇ ಬರೆಯುತ್ತೇನೆ: "ನೀನು ಸುಮ್ನೆ ಬೆರಳಾಡಿಸಿದ್ರೆ ಸಾಕು, ಯಾರಿಗೂ ಗೊತ್ತಾಗಲ್ಲ."

ನನಗೆ ಗೊತ್ತಾಗುತ್ತದಲ್ಲ, ಸ್ವಾಮಿ.

ಪೆನ್‌ಡ್ರೈವ್ ಹಾಕಿ ಕೇಳಿದೆ. ಎರಡನೆಯ ಹಾಡಿನ ಹೊತ್ತಿಗೆ ತಿಳಿಯಿತು. ನುಡಿಸುತ್ತಿರುವವಳು ನಾನೇ. ಮೂವತ್ತೊಂದರ ವಯಸ್ಸಿನ ನಾನು. ಎಡಗೈಯ ಕಿರುಬೆರಳು ಅವಸರದಲ್ಲಿ ಪಕ್ಕದ ಪಟ್ಟಿಗೂ ತಾಗುವ ಚಟ ಆಗಲೇ ಇತ್ತು, ಅದರಿಂದಲೇ ಗುರುತು ಹಿಡಿದೆ. ಯಾವ ಊರಿನ ಪ್ರಯೋಗದಲ್ಲಿ ಯಾರಿಂದ ಮುದ್ರಿಸಿಕೊಂಡಿರೋ, ಎಷ್ಟು ವರ್ಷ ಯಾವ ಟ್ರಂಕಿನ ತಳದಲ್ಲಿ ಬಚ್ಚಿಟ್ಟುಕೊಂಡಿದ್ದಿರೋ. ಎಂಥ ಕೈ ಅವಳದು. ಕುದುರೆ ಓಡಿದ ಹಾಗೆ. ಕೇಳುತ್ತಾ ಕೇಳುತ್ತಾ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ. ಆಮೇಲೆ ಸಿಟ್ಟು ಬಂತು. ನನ್ನನ್ನು ಕರೆದು ಕೂರಿಸಿ, ನನ್ನದೇ ವೇಷ ಹಾಕಿಸಿ, ನನ್ನದೇ ನಕಲು ಮಾಡಿಸುತ್ತೀರಾ? ನಲವತ್ತು ವರ್ಷದ ರಂಗದ ಬದುಕಿನಲ್ಲಿ ಯಾವ ಪಾತ್ರಧಾರಿಗೂ ಇಂಥ ಪಾತ್ರ ಕೊಟ್ಟದ್ದನ್ನು ನಾನು ನೋಡಿಲ್ಲ.

ಇದನ್ನು ಗೌರವವೆಂದೇ ಮಾಡುತ್ತಿದ್ದೀರಿ, ಅದೂ ನನಗೆ ಗೊತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅವಮಾನ ಮಾಡಲೆಂದೇ ಕರೆದಿದ್ದರೆ ಒಂದು ಸಾಲು ಸಾಕಿತ್ತು.

ಆರು ವರ್ಷದ ಹಿಂದಿನ ಆ ತಾಲೀಮಿನ ದಿನವನ್ನು ನೆನೆದುಕೊಳ್ಳಿ. ಮೂರನೆಯ ಅಂಕದ ನಡುವೆ ನೀವು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಿರಿ. ಇಪ್ಪತ್ತೆರಡು ಜನರ ಮುಂದೆ, ಬಾಲ್ಕನಿಯ ಕೊನೆಯ ಸಾಲಿಗೂ ಮುಟ್ಟುವ ದನಿಯಲ್ಲಿ ಅಂದಿರಿ: "ಪೆಟ್ಟಿಗೆಗೂ ವಯಸ್ಸಾಯ್ತು, ನುಡಿಸೋಳಿಗೂ ವಯಸ್ಸಾಯ್ತು. ಇನ್ಮೇಲೆ ಟೇಪ್ ಹಾಕೋಣ." ನಾನು ಎದ್ದೆ, ಚಪ್ಪಲಿ ಮೆಟ್ಟಿದೆ, ನಡೆದೆ. ಆಗ ಹೇಳದೆ ಬಂದ ಒಂದು ಮಾತನ್ನು ಈಗ ಹೇಳುತ್ತೇನೆ: ನೀವಂದದ್ದು ಸುಳ್ಳಾಗಿರಲಿಲ್ಲ. ಬಲಮಂಡಿ ಒಂದು ವರ್ಷದಿಂದ ನೋಯುತ್ತಿತ್ತು. ತುಳಿದರೆ ಗಾಳಿ ಸಾಲುತ್ತಿರಲಿಲ್ಲ, ಮೂರನೆಯ ಅಂಕಕ್ಕೆ ಬರುವ ಹೊತ್ತಿಗೆ ಲಯ ಕುಂಟುತ್ತಿತ್ತು. ನಿಮಗೆ ಹೇಳಿರಲಿಲ್ಲ. ಹೇಳಿದ್ದರೆ ನೀವು ಆ ಮಾತನ್ನು ಮನೆಯೊಳಗೇ ಆಡಿ ಮುಗಿಸುತ್ತಿದ್ದಿರೋ ಏನೋ. ಇರಲಿ. ಲಯ ಕುಂಟಿದ್ದು ನನ್ನ ತಪ್ಪು. ಇಪ್ಪತ್ತೆರಡು ಜನರ ಮುಂದೆ ಅಂದದ್ದು ನಿಮ್ಮ ತಪ್ಪು.

"ಮನೆಯಲ್ಲಿ ಸುಮ್ಮನೆ ಕೂತಿದ್ದೀಯಂತೆ, ಹೊತ್ತು ಹೋಗುತ್ತದೆ ಬಾ" ಎಂದು ಬರೆದಿದ್ದೀರಿ. ಯಾರಂದರು ನಿಮಗೆ? ನಾನು ಸುಮ್ಮನೆ ಕೂತಿಲ್ಲ. ಯುದ್ಧ ಮಾಡುತ್ತಿದ್ದೇನೆ.

ನಿಮ್ಮ ಕಂಪನಿಯ ಲೈಟಿನವಳು, ಏಣಿಯ ತುದಿಯಲ್ಲಿ ನಿಂತು ನಿಮಗೇ ಎದುರು ಜವಾಬು ಕೊಡುತ್ತಾಳಲ್ಲ, ಅವಳೇ, ಕಳೆದ ವರ್ಷ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ನನಗೆ ತಂದುಕೊಟ್ಟಳು. ಜೊತೆಗೆ ಪೆಟ್ಟಿಗೆಯಂಥದೇ ಕಪ್ಪುಬಿಳಿ ಪಟ್ಟಿಗಳಿರುವ, ಎರಡು ಗೇಣಿನ ಒಂದು ಕೀಬೋರ್ಡು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಒಂದು ವಾದ್ಯವಿದೆ ಅಕ್ಕಾ, ಸಿಂಥಸೈಸರ್ ಅಂತ, ತನಗಂತೂ ತಲೆಬುಡ ತಿಳಿಯಲಿಲ್ಲ, ನೀವು ನೋಡಿ ಎಂದಳು. ತೆರೆದೆ. ತೆರೆದರೆ ಅದು ವಾದ್ಯವೇ? ವಿಮಾನ ಓಡಿಸುವವನ ಮುಂದಿರುವ ಹಲಗೆ. ಒಂದು ಪರದೆಯ ತುಂಬ ಗುಂಡಿ, ಗುಂಡಿಯ ಹಿಂದೆ ಇನ್ನೊಂದು ಪರದೆ, ಅದರ ತುಂಬ ಬಣ್ಣಬಣ್ಣದ ತಂತಿ. ಎಣಿಸಿದೆ. ಮುನ್ನೂರ ಹನ್ನೆರಡು ಗುಂಡಿಗಳ ತನಕ ಎಣಿಸಿ ಬಿಟ್ಟೆ.

ಮೊದಲ ಎರಡು ದಿನ ಸದ್ದೇ ಹೊರಡಲಿಲ್ಲ. ಒತ್ತಿದೆ, ಬೈದೆ, ಪುಸಲಾಯಿಸಿದೆ. ಮೂರನೆಯ ದಿನ ಕೆಳಗಿನ ಅಂಗಡಿಯ ದರ್ಜಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಪೈಪೋಟಿಗೆ ಹೊಲಿಗೆ ಮಷೀನು ತಂದಿದ್ದೀರಾ ಅಮ್ಮಾ, ಎರಡು ದಿನದಿಂದ ನನ್ನ ತಲೆಯ ಮೇಲೆ ತುಳಿಯುತ್ತಲೇ ಇದ್ದೀರಿ ಎಂದ. ನೋಡಿಕೊಂಡರೆ, ಮೇಜಿನಡಿ ನನ್ನ ಎರಡೂ ಕಾಲು ತಮ್ಮಷ್ಟಕ್ಕೆ ತಾವೇ ನೆಲ ತುಳಿಯುತ್ತಿದ್ದವು. ಗಾಳಿ ಹಾಕದೆ ಸ್ವರ ಬರುವುದೆಂದು ಕಾಲಿಗೆ ಹೇಳಿಕೊಟ್ಟವರು ಯಾರು? ಆ ದಿನ ದರ್ಜಿಯೂ ನಾನೂ ಸೇರಿ ಸ್ಪೀಕರಿನ ತಂತಿ ಸರಿಯಾದ ತೂತಿಗೆ ಚುಚ್ಚಿದೆವು. ಸದ್ದು ಬಂತು. ಅವನು ಕಿವಿ ಮುಚ್ಚಿಕೊಂಡು ಕೆಳಗಿಳಿದ.

ಪುಸ್ತಕ ಓದಿ ಕಲಿಯುವ ಜಾತಿಯವಳಲ್ಲ ನಾನು. ಅದರ ವಿವರಣೆ ನಾನೂರು ಪುಟವಿದೆ. ಹನ್ನೊಂದು ಪುಟ ಓದಿ ಮಡಚಿಟ್ಟೆ. ಇದೂ ಒಂದು ನಾಟಕ ಕಂಪನಿಯೇ ಇರಬೇಕು ಎಂದುಕೊಂಡೆ. ಸದ್ದು ಹುಟ್ಟಿಸುವ ಆಸಿಲೇಟರ್ ಎನ್ನುವವನು ರಂಗಕ್ಕೆ ಬಂದು ನಿಂತು ಒಂದೇ ಸಮನೆ ಗಂಟಲು ಹರಿದುಕೊಳ್ಳುವ ನಟ, ನಿಮ್ಮ ಹಾಗೆ. ಫಿಲ್ಟರ್ ಅಂದರೆ ಅವನ ಮುಂದಿನ ಪರದೆ. ಅರ್ಧ ಎಳೆದರೆ ದನಿ ಮಂಕು, ಪೂರ್ತಿ ಸರಿಸಿದರೆ ಎದೆಗೆ ಗುದ್ದು. ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ನಿರ್ಗಮಿಸಬೇಕು ಎನ್ನುವುದನ್ನು ಎನ್ವೆಲಪ್ ಎಂಬ ನಿರ್ದೇಶಕ ನೋಡಿಕೊಳ್ಳುತ್ತಾನೆ. ಇನ್ನೊಬ್ಬನಿದ್ದಾನೆ, ಪ್ರೇಕ್ಷಕರಿಗೆ ಅವನ ದನಿ ಕೇಳಿಸುವುದೇ ಇಲ್ಲ. ಪಕ್ಕದ ಕತ್ತಲಲ್ಲಿ ನಿಂತು ನಿಧಾನಕ್ಕೆ ಹಗ್ಗ ಎಳೆದು ಬಿಡುತ್ತಾನೆ, ಇಡೀ ದೃಶ್ಯ ತೂಗುತ್ತದೆ. ಅವನ ಹೆಸರು ಮೂರಕ್ಷರದ್ದು, ನನಗೆ ಬೇಡ. ಹಗ್ಗದವನು ಅಂತಲೇ ಕರೆಯುತ್ತೇನೆ. ಈ ನಾಲ್ವರ ಜಗಳ ಬಿಡಿಸುವುದರಲ್ಲೇ ನನಗೆ ಒಂದು ತಿಂಗಳು ಕಳೆಯಿತು.

ಈಗ ನೀವು ನಗಬಹುದಾದ ಸಂಗತಿ ಹೇಳುತ್ತೇನೆ. ನಕ್ಕು ಮುಗಿಸಿ ಮುಂದಕ್ಕೆ ಓದಿ. ದಿನಾ ಮಧ್ಯಾಹ್ನ ಆಟ ಮುಗಿಸಿ ಮುಚ್ಚುವಾಗ ಆ ಯಂತ್ರ ಒಂದು ಪ್ರಶ್ನೆ ಕೇಳುತ್ತಿತ್ತು, ಮಾಡಿದ ಬದಲಾವಣೆಗಳನ್ನು ಇರಿಸಬೇಕೇ ಎಂದು. ನಾನು ದಿನಾ ಬೇಡ ಅನ್ನುತ್ತಿದ್ದೆ. ನಮ್ಮ ಕಂಪನಿಯಲ್ಲಿ ಕಲಿತದ್ದು ಅದೇ ತಾನೆ? ಆಟ ಮುಗಿದ ಮೇಲೆ ರಂಗದ ಮೇಲೆ ಒಂದು ಮೊಳೆಯನ್ನೂ ಬಿಟ್ಟು ಹೋಗಬಾರದು, ನಾಳೆ ಬೇರೆಯವರು ಬರುತ್ತಾರೆ, ಖಾಲಿ ಮಾಡಿ ಗುಡಿಸಿ ಹೋಗಬೇಕು. ಇದನ್ನೂ ಹಾಗೆಯೇ ಗುಡಿಸಿ ಹೋಗುತ್ತಿದ್ದೆ. ಮರುದಿನ ಬೆಳಿಗ್ಗೆ ತೆರೆದರೆ ಎಲ್ಲ ಬೋಳು. ನೋಟ್‌ಬುಕ್ಕಿನಲ್ಲಿ ಗುಂಡಿಗುಂಡಿಯ ಚಿತ್ರ ಬರೆದಿಟ್ಟುಕೊಂಡಿದ್ದೆ, ಯಾವುದು ಎಷ್ಟು ತಿರುಗಿತ್ತು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು. ಅದನ್ನು ನೋಡಿಕೊಂಡು ಮೊದಲಿನಿಂದ ಕಟ್ಟುವುದು. ಹೀಗೆ ನಲವತ್ತೇಳು ಬೆಳಗು. ಕೊನೆಕೊನೆಗೆ ನೋಟ್‌ಬುಕ್ ಬೇಕಾಗುತ್ತಿರಲಿಲ್ಲ. ನೀವು ಕನ್ನಡಿ ನೋಡದೆ ಮೀಸೆ ಅಂಟಿಸಿಕೊಳ್ಳುತ್ತೀರಲ್ಲ, ಹಾಗೆ ಕೈ ತಾನೇ ಹೋಗುತ್ತಿತ್ತು.

ಲೈಟಿನವಳು ಒಂದು ಭಾನುವಾರ ಬಂದವಳು ಇದನ್ನು ಕಣ್ಣಾರೆ ಕಂಡಳು. "ಅಕ್ಕಾ, ಇಷ್ಟು ದಿನ ಸೇವ್ ಮಾಡ್ಲೇ ಇಲ್ವಾ ನೀವು?" ಎಂದು ಗೋಡೆಗೊರಗಿ ನೆಲಕ್ಕೆ ಜಾರಿ ಕೂತಳು, ನಗುವಿಗೆ ಅವಳಿಗೆ ಉಸಿರೇ ಸಿಗಲಿಲ್ಲ. ನಾನು ಮುಖ ಊದಿಸಿಕೊಂಡು ಸುಮ್ಮನೆ ಕಟ್ಟುತ್ತಾ ಹೋದೆ. ಇಪ್ಪತ್ತು ನಿಮಿಷದಲ್ಲಿ ಏನೂ ಇಲ್ಲದ ಪರದೆಯಿಂದ ಮೂರನೆಯ ಅಂಕದ ಖಾಲಿ ಸಿಂಹಾಸನದ ಕೋಣೆ ಸದ್ದಿನಲ್ಲೇ ಎದ್ದು ನಿಂತಿತು. ಅಷ್ಟರಲ್ಲಿ ಅವಳ ನಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು: "ಇದನ್ನ ಕೊಂಡ್ಕೊಂಡೋರು ಸಾವಿರ ಜನ ಇರ್ತಾರೆ. ಹೀಗೆ ಬಲ್ಲೋರು ಯಾರೂ ಇರಲ್ಲ."

ಮೂರನೆಯ ಅಂಕ ಅಂದೆ. ಹೌದು, ನಿಮ್ಮ ರಾಜ ಕಿರೀಟ ಇಳಿಸಿಟ್ಟು ಹೋಗುವ ದೃಶ್ಯಕ್ಕೇ ನಾನು ಇಷ್ಟು ತಿಂಗಳು ಮಣ್ಣು ಹೊತ್ತದ್ದು. ನೀವು ಕರೆಯುವ ಮೊದಲೇ, ಯಾರೂ ಕೇಳದೆಯೇ. ಯಾಕೆಂದು ಕೇಳಬೇಡಿ.

ಮೊದಲು ಪೆಟ್ಟಿಗೆಯ ದನಿಯನ್ನೇ ತೆಗೆಯಲು ಒದ್ದಾಡಿದೆ. ಶೀತವಾದ ಮೇಕೆ ಕೂಗಿದ ಹಾಗಾಯಿತು. ಅದು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆಮೇಲೊಂದು ಬೆಳಿಗ್ಗೆ ಕೀಬೋರ್ಡಿನ ಅಂಚಿನಲ್ಲಿ ಸ್ವರವನ್ನು ಬಾಗಿಸಲೆಂದೇ ಇರುವ ಪಟ್ಟಿಯ ಮೇಲೆ ಬೆರಳಿಟ್ಟು ಜಾರಿಸಿದೆ ನೋಡಿ, ಕೈ ಅಲ್ಲೇ ನಿಂತಿತು. ನೀವು ಆ ವಿದಾಯದ ಹಾಡಿನಲ್ಲಿ ಒಂದು ಕಡೆ ದನಿಯನ್ನು ಕಪ್ಪು ಪಟ್ಟಿಗೂ ಬಿಳಿ ಪಟ್ಟಿಗೂ ನಡುವಿನ ಸಂದಿಗೆ ಇಳಿಸುತ್ತೀರಿ. ಪೆಟ್ಟಿಗೆಗೆ ಆ ಸಂದಿಯಿಲ್ಲ. ಅಲ್ಲಿ ಗೋಡೆ. ಸಾವಿರ ಪ್ರಯೋಗದಲ್ಲೂ ನೀವು ಆ ಸಂದಿಗೆ ಒಬ್ಬರೇ ಇಳಿದು ಹೋದಿರಿ, ನಾನು ಗೋಡೆಯ ಈಚೆ ನಿಂತು ಸ್ವರ ಹಿಡಿದು ಕಾದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು, ಅಲ್ಲಿ ನಾನು ನಿಮ್ಮ ಜೊತೆ ಇರಲಿಲ್ಲ ಎಂದು. ಈಗ ಬರಬಲ್ಲೆ. ಆ ಸಂದಿಗೆ ನಿಮ್ಮ ಹಿಂದೆಯೇ ಇಳಿಯಬಲ್ಲೆ, ಬೇಕಾದರೆ ನಿಮಗಿಂತ ಮೊದಲು ಇಳಿದು ಕಾಯಬಲ್ಲೆ. ಮೂವತ್ತೊಂದರ ಆ ಕುದುರೆಗೆ ಇದು ಬರುತ್ತಿರಲಿಲ್ಲ. ಅರವತ್ತೆರಡರ ಈ ಕುಂಟಿಗೆ ಬರುತ್ತದೆ.

ಆದ್ದರಿಂದ ಕೇಳಿಸಿಕೊಳ್ಳಿ. ಬೆರಳಾಡಿಸಲು ನಾನು ಬರುವುದಿಲ್ಲ. ನುಡಿಸಲು ಬರುತ್ತೇನೆ. ಪಾಲಿಶ್ ಹೊಡೆಸಿದ ಪೆಟ್ಟಿಗೆ ಅಲ್ಲೇ ಇರಲಿ, ನೋಡುವವರು ನೋಡಲಿ. ನನಗೆ ರಂಗದ ಕೆಳಗೆ, ನಿಮ್ಮ ಬಾಯಿ ಕಾಣುವ ಜಾಗದಲ್ಲಿ ಒಂದು ಅಲುಗಾಡದ ಮೇಜು, ಬೆನ್ನಿರುವ ಕುರ್ಚಿ, ಹತ್ತಿರದಲ್ಲೇ ಒಂದು ಪ್ಲಗ್ ಪಾಯಿಂಟು ಬೇಕು. ಧ್ವನಿಮುದ್ರಣ ಓಡಿಸುವ ಹಾಗಿಲ್ಲ, ಹಿನ್ನೆಲೆಗೂ ಇಲ್ಲ, ಎಲ್ಲಾದರೂ ನಿಂತು ಹೋದರೆ ಇರಲಿ ಎಂಬ ನೆಪಕ್ಕೂ ಇಲ್ಲ. ಐದು ದಿನ ಬೆಳಿಗ್ಗೆ ನೀವು ನನ್ನ ಜೊತೆ ತಾಲೀಮಿಗೆ ಕೂರಬೇಕು. ತಡವಾಗಿ ಬಂದರೆ ನಾನು ಕಾಯುವವಳಲ್ಲ, ಈಗ ನನಗೂ ನನ್ನ ಕೆಲಸವಿದೆ. ಮತ್ತು ಆ ಇಪ್ಪತ್ತೆರಡು ಜನರಲ್ಲಿ ಕಂಪನಿಯಲ್ಲಿ ಉಳಿದವರೆಲ್ಲ ಮೊದಲ ತಾಲೀಮಿಗೆ ಇರಬೇಕು. ನೀವು ಏನನ್ನೂ ಹೇಳಬೇಕಿಲ್ಲ. ಅವರು ಕೇಳಿಸಿಕೊಂಡರೆ ಸಾಕು.

ಯಂತ್ರ ಕೈಕೊಟ್ಟರೆ ಏನು ಗತಿ ಎನ್ನುತ್ತೀರಿ. ಕೊಡಬಹುದು. ನಿಮ್ಮ ಕಿರೀಟ ಎರಡು ಸಲ ರಂಗದ ಮೇಲೆ ಬಿದ್ದು ಉರುಳಿಲ್ಲವೇ? ಎತ್ತಿಟ್ಟುಕೊಂಡು ಮಾತು ಮುಂದುವರಿಸಿದಿರಿ. ನಾನೂ ಹಾಗೆಯೇ ಎತ್ತಿಟ್ಟುಕೊಳ್ಳುತ್ತೇನೆ.

ಒಪ್ಪಿಗೆಯಿಲ್ಲವಾದರೆ, ಅದೇ ಶನಿವಾರ, ಅದೇ ಹೊತ್ತಿಗೆ, ವಾಚನಾಲಯದ ಮೇಲಿನ ಅರವತ್ತು ಕುರ್ಚಿಯ ಕೋಣೆಯಲ್ಲಿ ನಾನೊಬ್ಬಳೇ ನುಡಿಸುತ್ತೇನೆ. ಕೋಣೆಗೆ ಹೇಳಿಟ್ಟಾಗಿದೆ. ಮೊದಲ ಕುರ್ಚಿಗೆ ದರ್ಜಿ ಹೆಸರು ಬರೆಸಿದ್ದಾನೆ, ಕಿವಿಗೆ ಹತ್ತಿ ತರುತ್ತೇನೆ ಎಂದು ತಮಾಷೆ ಮಾಡಿದ. ಆ ಕೋಣೆಯಲ್ಲಿ ರಾಜನಿರುವುದಿಲ್ಲ. ಅವನು ಬಿಟ್ಟು ಹೋದ ಸಿಂಹಾಸನದ ಸದ್ದು ಮಾತ್ರ ಇರುತ್ತದೆ. ನಿಮ್ಮ ಹಾಡಿನ ಜಾಗವನ್ನು ಖಾಲಿ ಬಿಟ್ಟೇ ನುಡಿಸುತ್ತೇನೆ, ಅಲ್ಲಿ ಯಾರು ಹಾಡಬೇಕಿತ್ತೆಂದು ಕೂತವರಿಗೆಲ್ಲ ಗೊತ್ತಾಗಲಿ.

ಪೆನ್‌ಡ್ರೈವ್ ಇದರೊಂದಿಗೆ ವಾಪಸು ಇದೆ. ಆ ಹುಡುಗಿಯನ್ನು ನೀವೇ ಇಟ್ಟುಕೊಳ್ಳಿ. ಚೆನ್ನಾಗಿ ನುಡಿಸುತ್ತಿದ್ದಳು. ಆದರೆ ಅವಳ ಮುಂದೆ ನಾನು ಬೊಂಬೆಯಾಗಿ ಕೂರುವುದಿಲ್ಲ.

ನಿಮ್ಮವಳು ಎಂದು ಬರೆಯಲು ಮನಸ್ಸಾಗುತ್ತಿಲ್ಲ, ಅಲ್ಲವೆಂದು ಬರೆಯಲು ಕೈ ಏಳುತ್ತಿಲ್ಲ. ಜನ ಕರೆಯುತ್ತಿದ್ದ ಹಾಗೆಯೇ ಇರಲಿ,

ಪೆಟ್ಟಿಗೆಯಮ್ಮ

ತಾ.ಕ.: ಈ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲೂ "ಆಗಲಿ, ಬಂದು ಕೂರುತ್ತೇನೆ" ಎಂದು ಬರೆದಿದ್ದೆ. ಮೂರನ್ನೂ ಹರಿದಿದ್ದೇನೆ. ಆದ್ದರಿಂದ ನನ್ನನ್ನು ಒಪ್ಪಿಸಲು ನೀವು ಖುದ್ದಾಗಿ ಬರಬೇಡಿ, ಐದನೆಯದನ್ನು ಬರೆಯುವ ಧೈರ್ಯ ನನಗಿಲ್ಲ. ಹಾಡಲು ಬರುವುದಾದರೆ ಬನ್ನಿ. ಇಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ನುಡಿಸಲು ಶುರು ಮಾಡುತ್ತೇನೆ, ಬಾಗಿಲು ತೆರೆದೇ ಇರುತ್ತದೆ.