ನಾನು ಹಾಕದ ನೀರು

ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟೀ,

ನಿನ್ನ ಮೊಮ್ಮಗಳ ಜ್ಞಾನಸ್ನಾನಕ್ಕೆ ನಾನೇ ಜ್ಞಾನತಾಯಿಯಾಗಿ ನಿಲ್ಲಬೇಕು ಅಂತ ನೀನು ಬರೆದ ಕಾಗದ ಬಂದು ಎಂಟು ದಿನವಾಯ್ತು. ಮಂಡಿನೋವು, ಬರಲಾರೆ ಅಂತ ಎರಡು ಸಲ ಬರೆದು ಹರಿದುಹಾಕಿದೆ. ಬಸ್ಸಿನ ಹಿಂದೆ ಓಡೋ ಮಂಡಿಗೆ ಯಾವ ನೋವು!

ಅಲ್ಲಿ ಪಾದ್ರಿಗಳು ಸೈತಾನನನ್ನು ತೊರೆಯುತ್ತೀಯಾ ಅಂತ ಕೇಳುತ್ತಾರೆ. ಜ್ಞಾನತಾಯಿಯಾದವಳು ಕೂಸಿನ ಪರವಾಗಿ ಎಲ್ಲರೆದುರು ಹೌದು ಅನ್ನಬೇಕು. ಅದಕ್ಕೇ ನನಗೆ ಬಾಯಿ ಬರುತ್ತಿಲ್ಲ.

ಮೂವತ್ತೊಂದು ವರ್ಷದ ಹಿಂದೆ ನಿನ್ನ ಚೊಚ್ಚಲು ಕೂಸು ಏಳು ತಿಂಗಳಿಗೇ ಹುಟ್ಟಿದಾಗ ಆ ಹೆರಿಗೆ ವಾರ್ಡಿನ ನರ್ಸು ನಾನೇ. ನಿನಗೆ ಎಚ್ಚರವಿರಲಿಲ್ಲ. ಪಾದ್ರಿಗಳು ಬರುವಷ್ಟು ಹೊತ್ತು ಕೂಸು ಬದುಕೋದಿಲ್ಲ ಅಂದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು: ತಲೆಗೆ ಮೂರು ಸಲ ನೀರು, ತಂದೆ, ಮಗ, ಪವಿತ್ರಾತ್ಮರ ಹೆಸರು, ಅಷ್ಟೇ. ನಮಗೆ ಬಾಯಿಪಾಠ. ಚಿಕ್ಕಂದಿನಲ್ಲಿ ಬೆಕ್ಕಿನ ಮರಿಗೆ ಕೊಡಲು ಹೋಗಿ ಪರಚಿಸಿಕೊಂಡು, ಅಮ್ಮನಿಂದ ಏಟೂ ತಿಂದಿದ್ದೆವಲ್ಲ.

ಎಚ್ಚರವಾದ ಕೂಡಲೇ ನೀನು ಕೇಳಿದ್ದು ಒಂದೇ, ನೀರು ಹಾಕಿದೆಯಾ ಅಕ್ಕ ಅಂತ. ಹಾಕಿದೆ ಅಂದೆ. ಹಾಕಿರಲಿಲ್ಲ, ಪುಟ್ಟೀ. ಉಸಿರು ನಿಂತುಹೋಯ್ತು, ಹೊತ್ತು ಸಿಗಲಿಲ್ಲ.

ಆ ಸುಳ್ಳು ನಂಬಿಯೇ ನೀನು ಹಾಸಿಗೆ ಬಿಟ್ಟು ಎದ್ದೆ, ಊಟ ಮಾಡಿದೆ. ಈಗಲೂ ವರ್ಷವರ್ಷ ಮೇಣದಬತ್ತಿ ಹಚ್ಚಿ, ನನ್ನ ಕಂದನಿಗೆ ಅಕ್ಕನೇ ಸ್ವರ್ಗದ ಬಾಗಿಲು ತೆರೆದಳು ಅಂತ ಬಂದವರಿಗೆಲ್ಲ ಹೇಳುತ್ತೀಯ. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸುತ್ತೇನೆ. ಥೂ, ನನ್ನ ಜನ್ಮಕ್ಕಿಷ್ಟು!

ಮೊನ್ನೆ ಪಾದ್ರಿಗಳ ಹತ್ತಿರ ಹೇಳಿಕೊಂಡೆ. ನೀರು ಬೀಳದ ಕೂಸನ್ನು ದೇವರು ಕೈಬಿಟ್ಟ ಅಂತ ನಿನಗೆ ಯಾರು ಹೇಳಿದರು, ಅವನ ಕರುಣೆ ನಿನ್ನ ಕೈಗಾಗಿ ಕಾಯುತ್ತಾ ಕೂತಿರಲಿಲ್ಲ ಎಂದರು. ಕೂಸಿನ ಬಗ್ಗೆ ಇದ್ದ ಭಯ ಹೋಯ್ತು. ನಿನ್ನ ಮುಖ ನೋಡುವ ಭಯ ಹೋಗಲಿಲ್ಲ.

ಜ್ಞಾನಸ್ನಾನ ಅಂದರೆ, ದೇವರೇ, ಇದು ನಿನ್ನ ಮಗು ಅಂತ ನಾಲ್ಕು ಜನರೆದುರು ಅವನ ಕೈಗೆ ಒಪ್ಪಿಸೋದು ಅಂತ ನಾನು ತಿಳಿದಿದ್ದೇನೆ. ಅದಕ್ಕೆ ನಾನೇ ಬೇಕಾ, ಇದನ್ನು ಓದಿ ಹೇಳು. ಬೇಡ ಅಂದರೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅದೂ ಬೇಡ ಅಂದರೆ ಬರೋದಿಲ್ಲ.

ನಿನಗೆ ಮುಖ ತೋರಿಸಲಾರದ
ಅಕ್ಕ

ತಾ.ಕ.: ಅಂಚೆ ಡಬ್ಬದ ತನಕ ಹೋದವಳು ವಾಪಸ್ಸು ಬಂದು ಲಕೋಟೆ ಒಡೆದೆ. ಹೊತ್ತು ಸಿಗಲಿಲ್ಲ ಅಂತ ಬರೆದದ್ದೂ ಸುಳ್ಳು. ಕೂಸು ನನ್ನ ಕೈಯಲ್ಲಿ ಇಪ್ಪತ್ತು ನಿಮಿಷ ಉಸಿರಾಡಿತು. ನಲ್ಲಿ ಪಕ್ಕದಲ್ಲೇ ಇತ್ತು. ನಾನು ಪ್ರಾರ್ಥನೆ ಮಾಡಿದರೆ ನಗುತ್ತಿದ್ದ ದೊಡ್ಡ ಡಾಕ್ಟರು ಎದುರಿಗಿದ್ದರು. ಅವರು ಆಚೆ ಹೋಗಲಿ, ಆಮೇಲೆ ಹಾಕೋಣ ಅಂತ ಕಾದೆ. ಅವರ ಮುಂದೆ ನನಗೆ ನಾಚಿಕೆಯಾಯ್ತು, ಪುಟ್ಟೀ.